ಅವ್ವನ ಹರಕೆ, ಚಿಕ್ಕವ್ವನ ಹಸಿವು

ಬೇಡ ಅನ್ನುವವರಿಗೆ ಮಾರುವುದೇ ನನ್ನ ಕೆಲಸ. ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಮದುವೆಗೆ ಮುಂಚಿನಿಂದಲೂ ಇದ್ದೇನೆ. "ಸುಮ್ನೆ ನೋಡೋಣ ಅಂತ ಬಂದ್ವಿ" ಎಂದು ಒಳಗೆ ಬಂದವರು ಕೈಯಲ್ಲಿ ಚೀಲ ಹಿಡಿಯದೆ ಹೊರಗೆ ಹೋದದ್ದು ಕಡಿಮೆ. ಹಸಿರು ಕೇಳಿದವರಿಗೆ ನೇರಳೆ ಮಾರಿದ್ದೇನೆ. ಗಂಡನಿಗೆ ಪಂಚೆ ತರಲು ಬಂದವಳಿಗೆ ಅವಳ ಅತ್ತಿಗೆಗೂ ಸೇರಿಸಿ ಸೀರೆ ಕಟ್ಟಿ ಕಳಿಸಿದ್ದೇನೆ. ಇಷ್ಟೆಲ್ಲ ಬಾಯಿ ಇರುವ ನನ್ನಿಂದ ನನ್ನ ಹೆತ್ತವ್ವನಿಗೆ ಒಂದು ಬೇಯಿಸಿದ ಮೊಟ್ಟೆ ತಿನ್ನಿಸಲು ಆಗಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅವ್ವ, ಅಪ್ಪ ಇರುವುದು ಬಂಡಳ್ಳಿಯಲ್ಲಿ. ಒಂದಿಷ್ಟು ರಾಗಿ ಹೊಲ, ಎರಡು ಹಸು, ಹಿತ್ತಲಲ್ಲಿ ಕೋಳಿ. ಒಂದು ದಿನ ಅಂಗಡಿಯಲ್ಲಿ ಸೀರೆ ಹರವಿಕೊಂಡು ಕೂತಿದ್ದಾಗ ಅಪ್ಪನ ಫೋನ್ ಬಂತು.

"ನಿಮ್ಮವ್ವ ಕೊಟ್ಗೇಲಿ ಕೂತ್ಬುಟ್ಟವ್ಳ ಕಣವ್ವ" ಎಂದ.

ಬೇರೆ ಮನೆಯಲ್ಲಾದರೆ ಇದು ಸುದ್ದಿಯೇ ಅಲ್ಲ. ನಮ್ಮ ಮನೆಯಲ್ಲಿ ಅವ್ವ ಹಗಲು ಹೊತ್ತು ಕೂತಳು ಎಂದರೆ ಊರಿಗೆ ಹೇಳಿಕಳಿಸುವಂಥ ವಿಷಯ. ಹಾಲು ಕರೆಯಲು ಹೋದವಳು ತಲೆ ಸುತ್ತಿ, ಗೋಡೆಗೆ ಒರಗಿ ಹಾಗೇ ಕುಸಿದಿದ್ದಳು. ಹಸು ಅವಳನ್ನೇ ನೋಡುತ್ತ ನಿಂತಿತ್ತಂತೆ. ಮಾರನೇ ದಿನ ಅವಳನ್ನು ಎಳೆದುಕೊಂಡೇ ಕೊಳ್ಳೇಗಾಲದ ಡಾಕ್ಟರಮ್ಮನ ಹತ್ತಿರ ಕರೆತಂದೆ.

ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನಾಲಗೆ ನೋಡಿದರು, ರಕ್ತ ತೆಗೆಸಿ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು. "ಮೈಯಲ್ಲಿ ರಕ್ತಾನೇ ಇಲ್ವಲ್ಲಮ್ಮ" ಎಂದರು.

"ಅಂಗಾದ್ರ ಇಷ್ಟ್ ದಿನ ಯಾತ್ರಲ್ ಓಡಾಡ್ತಿದ್ನಿ, ಡಾಕ್ಟ್ರವ್ವ?" ಎಂದು ಅವ್ವ ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವಂತೆ ಕೇಳಿದಳು.

ಗರ್ಭಕೋಶದಲ್ಲಿ ಗಡ್ಡೆ ಇತ್ತು. ತಿಂಗಳು ತಿಂಗಳೂ ವಿಪರೀತ ರಕ್ತ ಹೋಗುತ್ತಿದ್ದದ್ದನ್ನು ಅವ್ವ ಯಾರಿಗೂ ಹೇಳಿರಲಿಲ್ಲ, ನನಗೂ. ಆಪರೇಷನ್ ಮಾಡಲೇಬೇಕು, ಆದರೆ ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು ಮಾಡಲಾಗದು, ಮೊದಲು ಊಟದಿಂದಲೂ ಮಾತ್ರೆಯಿಂದಲೂ ರಕ್ತ ಏರಿಸಿಕೊಂಡು ಬನ್ನಿ, ತುಂಬ ತಡ ಮಾಡಿದರೆ ಕಷ್ಟ ಎಂದರು ಡಾಕ್ಟರಮ್ಮ. ಕಷ್ಟ ಎನ್ನುವಾಗ ಅವರು ಅವ್ವನನ್ನು ನೋಡದೆ ನನ್ನನ್ನು ನೋಡಿದರು. ಅವ್ವನಿಲ್ಲದ ಬಂಡಳ್ಳಿ ಮನೆ ಹೇಗಿರುತ್ತದೆ ಎಂದು ಅಲ್ಲಿಯವರೆಗೆ ನಾನು ಒಂದು ಸಲವೂ ಯೋಚಿಸಿರಲಿಲ್ಲ.

"ದಿನಾ ಏನು ಊಟ ಮಾಡ್ತೀರಮ್ಮ?" ಎಂದು ಕೇಳಿದರು.

"ಎಲ್ರೂ ಉಂಡ್ಮೇಲ ಏನ್ ಉಳ್ದಿರ್ತದೋ ಅದ."

"ಏನು ಉಳಿದಿರುತ್ತೆ?"

"ಒಂದೊಂದ್ ದಿನ ಏನೂ ಇರಲ್ಲ. ಅವತ್ತು ಪಾತ್ರ ಬ್ಯಾಗ ತೊಳ್ದಾಯ್ತದ" ಎಂದಳು ಅವ್ವ. ಅದೊಂದು ಅನುಕೂಲ ಎನ್ನುವ ಹಾಗಿತ್ತು ಅವಳ ದನಿ.

ಸೊಪ್ಪು, ಮೊಟ್ಟೆ, ಕಾಳು, ಖರ್ಜೂರ, ಕಡಲೆಕಾಯಿ, ಬೆಲ್ಲ ಎಂದು ಡಾಕ್ಟರಮ್ಮ ಹೇಳಿಕೊಟ್ಟರು. ಅವ್ವ ಎಲ್ಲದಕ್ಕೂ "ಆಗ್ಲಿ ಕಣವ್ವ" ಎಂದು ತಲೆಯಾಡಿಸಿದಳು. ಅಷ್ಟು ಸಲೀಸಾಗಿ ಒಪ್ಪಿಕೊಂಡಾಗಲೇ ನಾನು ಎಚ್ಚರಾಗಬೇಕಿತ್ತು. ಅಂಗಡಿಯಲ್ಲಿ ಚೌಕಾಸಿ ಮಾಡದೆ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುವ ಗಿರಾಕಿ ಎಂದೂ ಕೊಳ್ಳುವುದಿಲ್ಲ.

ಅಂದಿನಿಂದ ಭಾನುವಾರ ಭಾನುವಾರ ನನ್ನ ಸವಾರಿ ಶುರುವಾಯಿತು. ಹನೂರಿನಲ್ಲಿ ಬಸ್ಸು ಬದಲಿಸಿ, ಎರಡು ಕೈಯಲ್ಲೂ ಚೀಲ ಹೊತ್ತು ಬಂಡಳ್ಳಿಗೆ ಹೋಗುವುದು, ತಂದದ್ದನ್ನೆಲ್ಲ ಚಾಪೆ ಮೇಲೆ ಸೀರೆ ಹರವಿದಂತೆ ಹರವುವುದು, ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸುವುದು. ಅಂಗಡಿಯಲ್ಲಿ "ಇದೇ ಕೊನೇ ಪೀಸು" ಎಂದರೆ ಗಿರಾಕಿ ತಟ್ಟನೆ ಬಾಚಿಕೊಳ್ಳುತ್ತಾರೆ. ಅವ್ವನಿಗೆ ಖರ್ಜೂರ ತೋರಿಸಿ "ಕೊನೇದು ಕಣವ್ವ" ಎಂದೆ. "ಅಂಗಾದ್ರ ನಿಮ್ಮಪ್ಪನ್ಗ ಇರ್ಲಿ ಬುಡು" ಎಂದು ಡಬ್ಬಿಗೆ ಹಾಕಿದಳು. "ಪಕ್ಕದ ಮನೆಯವರೆಲ್ಲ ಇದನ್ನೇ ತಿಂತಾರೆ" ಎಂದೆ. "ತಿನ್ಲಿ ಪಾಪ" ಎಂದಳು. "ನಿನಗೇ ಹೇಳಿ ಮಾಡಿಸಿದ ಹಾಗಿದೆ" ಎಂದು ಬಾಯಿಗೆ ಬಂತು, ಬೇಯಿಸಿದ ಕಾಳಿಗೆ ಆ ಮಾತು ಹೊಂದುವುದಿಲ್ಲ ಎಂದು ನುಂಗಿಕೊಂಡೆ. ಎದುರಿಗೆ ಕೂತು ಒತ್ತಾಯ ಮಾಡಿದರೆ "ಈಗ ಅಸಿವಿಲ್ಲ, ಆಮ್ಯಾಕ್ ತಿಂತೀನಿ, ನೀನ್ ಬಸ್ಸಿಗೋಗು" ಎನ್ನುತ್ತಿದ್ದಳು. ನಾನು ಹೋಗುತ್ತಿದ್ದೆ. ಮನೆಯಲ್ಲಿ ನನಗೂ ಗಂಡ ಮಗು ಇದ್ದರಲ್ಲ.

ಮೊದಲ ಭಾನುವಾರ ನಾನು ತಂದದ್ದು ಬುಟ್ಟಿ ತುಂಬ ನಾಟಿ ಕೋಳಿ ಮೊಟ್ಟೆ. ಹುಡುಕಾಡಿ, ಗೊತ್ತಿದ್ದವರ ಮನೆಯಿಂದ ತಾಜಾ ಮೊಟ್ಟೆಯೇ ಬೇಕು ಎಂದು ಹಟ ಹಿಡಿದು ತಂದಿದ್ದೆ. ಕೆಲವು ವಾರ ಕಳೆದು ಒಂದು ದಿನ ಹೋಗಿ ಗೇಟು ತೆಗೆದರೆ ಪುಟ್ಟ ಪುಟ್ಟ ಮರಿಗಳು ಚಿವ್ ಚಿವ್ ಎನ್ನುತ್ತ ಕಾಲಿಗೆ ಅಡ್ಡ ಬಂದವು.

"ಕಾವಿಗ್ ಕೂತಿದ್ ಕೋಳಿ ಇತ್ತು ಕಣವ್ವ. ನೀ ತಂದಿದ್ ಮೊಟ್ಟ ಎಂಥ ಚಂದಾಗಿದ್ವು ಅಂತೀಯ! ಒಂದೂ ಕೆಟ್ನಿಲ್ಲ" ಎಂದು ಅವ್ವ ಹೆಮ್ಮೆಯಿಂದ ಹೇಳಿದಳು.

ಅವಳ ರಕ್ತಕ್ಕೆಂದು ತಂದ ಮೊಟ್ಟೆ ಅಂಗಳದಲ್ಲಿ ನಡೆದಾಡುತ್ತಿತ್ತು. ಖರ್ಜೂರ ಎಲ್ಲಿ ಎಂದರೆ ಎದುರು ಮನೆಯ ಬಸುರಿ ಹುಡುಗಿಯ ಹೊಟ್ಟೆಯಲ್ಲಿ. ಕಡಲೆಕಾಯಿ ಅಪ್ಪನ ಜೇಬಿನಲ್ಲಿ. ಬೆಲ್ಲ ಹಸುವಿಗೆ, ಅದಕ್ಕೆ ಯಾಕೋ ಮೇವು ಸೇರುತ್ತಿರಲಿಲ್ಲವಂತೆ. ಮಾತ್ರೆಯೊಂದನ್ನು ಮಾತ್ರ ಅವ್ವ ತಪ್ಪದೆ ನುಂಗಿದ್ದಳು, ಅದನ್ನು ಬೇರೆ ಯಾರಿಗೂ ಕೊಡುವ ಹಾಗಿರಲಿಲ್ಲ.

ಮತ್ತೆ ಪರೀಕ್ಷೆ ಮಾಡಿಸಿದಾಗ ರಕ್ತ ಏರಿರಲಿಲ್ಲ, ಇಳಿದಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ಬೈದರು. ನಾನು ಬೈಸಿಕೊಂಡು, ಆ ಬೈಗುಳವನ್ನು ಒಂದು ಮಾತೂ ಕಡಿಮೆ ಮಾಡದೆ ಅಪ್ಪನಿಗೆ ದಾಟಿಸಿದೆ. ಅಪ್ಪ ತಲೆ ಕೆರೆದುಕೊಂಡು, "ರಾತ್ರಿ ಉಣ್ಣಾದ್ನೇ ಬುಟ್ಟವ್ಳಲ್ಲ, ರಕ್ತ ಎಲ್ಲಿಂದ್ ಬಂದದು" ಎಂದ.

ನಾನು ಅಡುಗೆಮನೆಗೆ ನುಗ್ಗಿದೆ. "ರಾತ್ರಿ ಊಟ ಬಿಟ್ಟಿದ್ದೀಯಾ?"

ಅವ್ವ ಒಲೆಯ ಬೂದಿ ಬಾಚುತ್ತಿದ್ದಳು. "ಬುಟ್ಟಿವ್ನಿ."

"ಯಾಕೆ?"

"ರಕ್ತ ಬರ್ಲಿ ಅಂತ" ಎಂದಳು.

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು. ಮೊದಲ ದಿನ ಆಸ್ಪತ್ರೆಯಿಂದ ಹಿಂದಿರುಗುವಾಗ, ಬಸ್ಸಿನ ಕಿಟಕಿಯಿಂದಲೇ ಬೆಟ್ಟದ ದಿಕ್ಕಿಗೆ ಕೈಮುಗಿದು, ಮೈಯಲ್ಲಿ ರಕ್ತ ಬರುವ ತನಕ ರಾತ್ರಿ ಊಟ ಮುಟ್ಟುವುದಿಲ್ಲ ಎಂದು ಬೆಟ್ಟದ ದೇವರು ಮಾದಪ್ಪನಿಗೆ ಹರಕೆ ಕಟ್ಟಿಕೊಂಡಿದ್ದಾಳೆ. ಪಕ್ಕದ ಸೀಟಿನಲ್ಲೇ ಕೂತಿದ್ದ ನಾನು ಅವಳು ಬೆಟ್ಟಕ್ಕೆ ಸುಮ್ಮನೆ ನಮಸ್ಕಾರ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ.

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾವಿ ತುಂಬಲಿ ಎಂದು ಅದರ ಬಾಯಿಗೆ ಮುಚ್ಚಳ ಹಾಕಿದಂತಾಯಿತಲ್ಲ ಎಂದು ಕೂಗಾಡಿದೆ. ಮರಿಗಳು ಹೆದರಿ ಬುಟ್ಟಿಯ ಕೆಳಗೆ ಸೇರಿಕೊಂಡವು. ಆದರೆ ನಮ್ಮ ಕಡೆಯವರಿಗೆ ಇದು ಹುಚ್ಚು ಎನ್ನಿಸುವುದಿಲ್ಲ. ಮಗನಿಗೆ ಕೆಲಸ ಸಿಗಲಿ ಎಂದು ಚಪ್ಪಲಿ ಬಿಟ್ಟವರಿದ್ದಾರೆ, ಮೊಮ್ಮಗುವಿಗೆ ಮಾತು ಬರಲಿ ಎಂದು ಕಾಫಿ ಬಿಟ್ಟವರಿದ್ದಾರೆ. ಪ್ರಿಯವಾದದ್ದನ್ನು ಬಿಟ್ಟರೆ ಮಾದಪ್ಪ ಒಲಿಯುತ್ತಾನೆ. ಮೈಗೆ ರಕ್ತ ಬೇಕು ಎಂದು ಊಟ ಬಿಡುವ ತಪ್ಪನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡಲಾರರು.

"ಬಿಡೋಕೆ ಬೇರೆ ಏನೂ ಸಿಗಲಿಲ್ವಾ ನಿನಗೆ?" ಎಂದು ಕಿರುಚಿದೆ.

"ಬುಡಾಕ ಇನ್ನೇನದ ನನ್ತಾವು?" ಎಂದಳು.

ಅದೂ ನಿಜವೇ. ಕಾಫಿ ಅವಳು ಕುಡಿಯುವುದಿಲ್ಲ, ಎಲೆ ಅಡಿಕೆ ಹಾಕುವುದಿಲ್ಲ, ಹೊಲಕ್ಕೆ ಬರಿಗಾಲಲ್ಲೇ ಹೋಗುತ್ತಾಳೆ. ಹರಕೆ ಮುರಿ ಎನ್ನುವ ಧೈರ್ಯವೂ ನನಗೆ ಬರಲಿಲ್ಲ. ಕೊಳ್ಳೇಗಾಲದಲ್ಲಿ ಎಷ್ಟೇ ಬಾಯಿ ಮಾಡಿದರೂ ಮಾದಪ್ಪನ ವಿಷಯದಲ್ಲಿ ನಾನೂ ಬಂಡಳ್ಳಿಯವಳೇ. ಅಪ್ಪನಂತೂ ಕೆನ್ನೆ ಕೆನ್ನೆ ಬಡಿದುಕೊಂಡ.

ದಾರಿ ಕಾಣದೆ ಚಿಕ್ಕವ್ವನಿಗೆ ಫೋನ್ ಮಾಡಿದೆ. ಚಿಕ್ಕವ್ವ ಎಂದರೆ ಅವ್ವನ ಒಬ್ಬಳೇ ತಂಗಿ. ನಮ್ಮಜ್ಜಿ ಬೇಗ ತೀರಿಕೊಂಡದ್ದರಿಂದ ಅವ್ವನೇ ಅವಳನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದು. ಕೊಟ್ಟದ್ದು ಯಳಂದೂರಿನ ಹತ್ತಿರ ಅಗರಕ್ಕೆ. ಅದು ಗದ್ದೆ ಸೀಮೆ, ಅನ್ನದ ಸೀಮೆ. ಚಿಕ್ಕವ್ವ ಹೊತ್ತು ಹೊತ್ತಿಗೆ ಸರಿಯಾಗಿ ಎಲೆ ಮುಂದೆ ಕೂರುವವಳು. ಬೆಳಗಿನ ತಿಂಡಿ ತಡವಾದರೆ ಅವಳಿಗೆ ಕಣ್ಣು ಕಾಣುವುದಿಲ್ಲ. ಯಾರದೇ ಫೋನ್ ಬಂದರೂ "ಏನ್ ಸಾರು?" ಎಂದು ಕೇಳಿದ ಮೇಲೆಯೇ ಯಾರು ಎಂದು ಕೇಳುವುದು. ಅವಳು ಮೈಕೈ ತುಂಬಿಕೊಂಡು ಸುಖವಾಗಿ ಇರುವುದನ್ನು ನೋಡಿದಾಗಲೆಲ್ಲ ಅವ್ವ "ಬಾಯ್ ಚಪಲದವಳು" ಎನ್ನುತ್ತಾಳೆ, ಹಾಗೆ ಹೇಳಿ ಬಾಯಿ ಮುಚ್ಚುವ ಮೊದಲೇ ಅವಳಿಗೆಂದು ರೊಟ್ಟಿ ತಟ್ಟುತ್ತಾಳೆ.

ನಾನು ಎಲ್ಲವನ್ನೂ ಹೇಳಿದೆ.

"ಆ ಮೊಟ್ಟ ನಂಗಾರ ಕಳ್ಸಬಾರ್ದಾಗಿತ್ತಾ?" ಎಂದಳು ಮೊದಲು. ಆಮೇಲೆ, "ತಡಿ, ನಾನೇ ಬತ್ತೀನಿ. ನಮ್ಮಕ್ಕನ್ನ ನಾ ನೋಡ್ಕತೀನಿ" ಎಂದಳು. ಅವಳ ದನಿ ಒಡೆದಿತ್ತು. ಊಟದ ವಿಷಯ ಬಿಟ್ಟು ಬೇರೆಯದಕ್ಕೆ ಚಿಕ್ಕವ್ವ ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು.

ಅಂಗಡಿಗೆ ಎರಡು ದಿನ ರಜೆ ಹಾಕಿ ಚಿಕ್ಕವ್ವನನ್ನು ನಾನೇ ಬಂಡಳ್ಳಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹುರಿಗಡಲೆ ತಿನ್ನುತ್ತ ಬಂದಳು, ಏನು ಮಾಡುತ್ತಾಳೆ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. "ನಿಂಗ್ಯಾಕ, ನೀ ಸೀರ ಮಾರೋಗು" ಎಂದಳು.

ಮಧ್ಯಾಹ್ನ ಅವ್ವ ಮುದ್ದೆ ಕಟ್ಟಿ, ಬೆರಕೆ ಸೊಪ್ಪಿನ ಉಪ್ಸಾರು ಬಿಟ್ಟು, ಖಾರ ಇಟ್ಟು, ಅಪ್ಪನಿಗೂ ನನಗೂ ಚಿಕ್ಕವ್ವನಿಗೂ ತಟ್ಟೆ ಕೊಟ್ಟಳು. ಬಿಸಿ ಮುದ್ದೆಯ ಹಬೆ ಮೂಗಿಗೆ ಬಡಿಯುತ್ತಿತ್ತು. ಚಿಕ್ಕವ್ವ ಎರಡೂ ಕೈ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಯಾಕ, ಉಪ್ಪು ಕಮ್ಮಿ ಆದದ?" ಎಂದಳು ಅವ್ವ.

"ನೀ ಮೊದ್ಲು ಉಣ್ಣು. ನೀ ಉಣ್ಣೋಗಂಟ ನಾ ಒಂದಗುಳೂ ಮುಟ್ಟಲ್ಲ. ಅರಕ ಕಟ್ಟಿವ್ನಿ."

"ನೀನಾ? ಅರಕಯಾ?" ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಏಕಾದಶಿ ಅಂದರೆ ಏನು ಎಂದು ಗೊತ್ತಿಲ್ಲದ ತಂಗಿ ಅವಳದು. "ಉಣ್ಣು ಸುಮ್ಕ, ಆರೋಯ್ತದ" ಎಂದು ಹೇಳಿ ಹಸುವಿಗೆ ನೀರಿಡಲು ಹೊರಗೆ ಹೋದಳು. ನೀರಿಟ್ಟಳು, ಕೊಟ್ಟಿಗೆ ಗುಡಿಸಿದಳು, ಮರಿಗಳಿಗೆ ನುಚ್ಚು ಹಾಕಿದಳು. ತಿರುಗಿ ಬಂದಾಗ ಅಪ್ಪನೂ ನಾನೂ ಉಂಡಾಗಿತ್ತು. ಚಿಕ್ಕವ್ವ ಹಾಗೆಯೇ ಕೂತಿದ್ದಳು. ಅವಳ ಹೊಟ್ಟೆ ಗುಡುಗಿದ್ದು ಬಾಗಿಲ ತನಕ ಕೇಳಿಸಿತು.

ಮನೆಗೆ ಬಂದವರು ಉಣ್ಣದೆ ಕೂತರೆ ಅವ್ವನಿಗೆ ನಿಂತ ನೆಲ ಸುಡುತ್ತದೆ. ಅದರಲ್ಲೂ ಈ ತಂಗಿ. ಗೊಣಗುತ್ತ ಬಂದು ಕೂತು, ಒಂದು ಚೂರು ಮುದ್ದೆ ಮುರಿದು ನುಂಗಿ, "ಆಯ್ತಾ?" ಎಂದಳು.

"ಪೂರ್ತಿ ಮುದ್ದ ಅಂತ ಅರಕ."

ಅವ್ವ ಪೂರ್ತಿ ಉಂಡಳು. ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. "ಸೊಪ್ಪೂ ಸೇರ್ಸಿ ಕಟ್ಟಿವ್ನಿ" ಎಂದಳು ಚಿಕ್ಕವ್ವ. ಅವ್ವ ಸೊಪ್ಪೂ ತಿಂದಳು. ನಾನು ಚೀಲದಿಂದ ಒಂದು ಬೇಯಿಸಿದ ಮೊಟ್ಟೆ ತೆಗೆದು ತೋರಿಸಿದೆ. "ಊಂ, ಮೊಟ್ಟಯೂ ಅದ" ಎಂದು ಚಿಕ್ಕವ್ವ ಆ ಕ್ಷಣದಲ್ಲೇ ಹರಕೆಗೆ ಇನ್ನೊಂದು ಸಾಲು ಸೇರಿಸಿದಳು. ಅಂಥ ಹಿಗ್ಗುವ ಹರಕೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ತೊಡಕಾದದ್ದು ರಾತ್ರಿಗೆ. ಅಕ್ಕನದು ಉಣ್ಣುವುದಿಲ್ಲ ಎಂಬ ಹರಕೆ, ತಂಗಿಯದು ಅಕ್ಕ ಉಣ್ಣದೆ ಉಣ್ಣುವುದಿಲ್ಲ ಎಂಬ ಹರಕೆ. ದೀಪ ಹಚ್ಚಿ ಅವ್ವ ತಟ್ಟೆ ತಂದಿಟ್ಟಳು. ಚಿಕ್ಕವ್ವ ತಟ್ಟೆಯನ್ನು ಹಿಂದಕ್ಕೆ ತಳ್ಳಿ, ಗೋಡೆ ಕಡೆ ತಿರುಗಿ, ತಲೆ ತುಂಬ ಹೊದ್ದು ಮಲಗಿಬಿಟ್ಟಳು. ಅವ್ವ ಬೈದಳು, ಗೋಗರೆದಳು. ಹೊದಿಕೆಯೊಳಗಿಂದ "ಮಾದಪ್ಪ ನೋಡ್ಕತಾನ ಬುಡು" ಎಂದು ಬಂತೇ ಹೊರತು ಮುಖ ಹೊರಗೆ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆಯಿಂದ ಅವ್ವ ಏನನ್ನೋ ಲೆಕ್ಕ ಹಾಕುತ್ತಿದ್ದವಳ ಹಾಗೆ ಓಡಾಡಿದಳು. ಸಂಜೆ ನಾಲ್ಕಕ್ಕೆಲ್ಲ ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟಾಗ ಅಪ್ಪ ಗಾಬರಿಯಾಗಿ "ಯಾರ್ ಬತ್ತಾವ್ರ?" ಎಂದ. ಮುದ್ದೆ ಕಟ್ಟಿ, ಅವ್ವ ಹಿತ್ತಲ ಬಾಗಿಲಲ್ಲಿ ನಿಂತು, ಹುಣಸೆ ಮರದ ಮೇಲಿದ್ದ ಸೂರ್ಯನಿಗೆ ಕೈ ಅಡ್ಡ ಹಿಡಿದು ನೋಡಿದಳು. ಒಳಗೆ ಬಂದು ತಂಗಿಯ ಎದುರು ಕೂತಳು.

"ನಾ ಬುಟ್ಟಿರಾದು ರಾತ್ರಿ ಊಟ. ಈಗಿನ್ನೂ ಒತ್ತದ. ಇದ್ನ ರಾತ್ರಿ ಅನ್ನಾಕಾದದಾ? ಮಾದಪ್ಪನ್ಗೂ ಕಣ್ಣಿಲ್ವಾ?" ಎಂದಳು. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಉಣ್ಣಲು ಶುರು ಮಾಡಿದಳು.

ಚಿಕ್ಕವ್ವ ಮುದ್ದೆಯ ಮೇಲೆ ಬಿದ್ದಳು. ನಾನು ಹಿತ್ತಲಿಗೆ ಹೋಗಿ ಒಬ್ಬಳೇ ನಕ್ಕೆ, ಹಾಗೇ ಒಂದಿಷ್ಟು ಅತ್ತೆ. ಹೆತ್ತ ಮಗಳು ಎಷ್ಟು ಗೋಗರೆದರೂ ಕೂದಲೆಳೆಯಷ್ಟು ಬಾಗದವಳು, ಹಸಿದ ತಂಗಿಗಾಗಿ ದೇವರ ಜೊತೆಗೇ ವಾದಕ್ಕೆ ಕೂತಿದ್ದಳು. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ನನ್ನ ರಜೆ ಮುಗಿಯಿತು, ಚಿಕ್ಕವ್ವ ಅಲ್ಲೇ ಉಳಿದಳು. ಅಲ್ಲಿಂದ ಮುಂದೆ ಆ ಮನೆಯ ಕ್ರಮವೇ ತಿರುಗಿ ಬಿತ್ತು. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಅದಕ್ಕಾಗಿ ಅಪ್ಪ ಹೊಲದಿಂದ ಓಡೋಡಿ ಬರಬೇಕು. ಮೋಡ ಕವಿದ ದಿನ ಹೊತ್ತು ಎಲ್ಲಿದೆ ಎಂಬುದೇ ತಿಳಿಯದೆ ಮೂರು ಗಂಟೆಗೇ ಉಂಡುಬಿಟ್ಟರಂತೆ. ಬೆಳಗಿನ ರೊಟ್ಟಿ, ನಡುಹೊತ್ತಿನ ಮುದ್ದೆ, ಸಂಜೆ ಬೆಳಕಿನ ಊಟ, ಎಲ್ಲಕ್ಕೂ ಅವ್ವನದೇ ಮೊದಲ ತುತ್ತು. ಎದುರಿಗೆ ಚಿಕ್ಕವ್ವ, ಕಣ್ಣು ಮಿಟುಕಿಸದೆ, "ಅಕ್ಕ, ವಸಿ ಜಲ್ದಿ ಉಣ್ಣು, ಪ್ರಾಣ ಓಯ್ತದ" ಎಂದು ಕಾಯುತ್ತ ಕೂತಿರುವುದು. ಮುಂದಿನ ಪರೀಕ್ಷೆಯಲ್ಲಿ ರಕ್ತ ಏರಿತ್ತು, ಆಪರೇಷನ್ನಿಗೆ ಬೇಕಾದಷ್ಟು ಅಲ್ಲ, ಆದರೂ ಏರಿತ್ತು. "ಇದನ್ನೇ ಬಿಡದೆ ಮಾಡಿ, ನಿಲ್ಲಿಸಿದರೆ ಮತ್ತೆ ಮೊದಲಿಗೇ ಬರುತ್ತೆ" ಎಂದರು ಡಾಕ್ಟರಮ್ಮ.

ಒಂದು ಭಾನುವಾರ ಬಂಡಳ್ಳಿಯಲ್ಲಿ ಬಸ್ಸಿಳಿದವಳು ಸ್ಟಾಪಿನ ಪಕ್ಕದ ಟೀ ಅಂಗಡಿಯ ಕಡೆ ಸುಮ್ಮನೆ ಕಣ್ಣು ಹಾಯಿಸಿದೆ. ಬೆಂಚಿನ ಮೂಲೆಯಲ್ಲಿ ಚಿಕ್ಕವ್ವ. ಮುಂದೆ ಕಾಗದದ ಮೇಲೆ ಬಿಸಿ ಬಿಸಿ ಬೋಂಡ. ಎರಡೂ ಕೆನ್ನೆ ಉಬ್ಬಿದ್ದವು. ಮನೆಯಲ್ಲಿ ಅವ್ವ ಇನ್ನೂ ಮಧ್ಯಾಹ್ನದ ಮುದ್ದೆ ಉಂಡಿರುವ ಹೊತ್ತಲ್ಲ.

ನನ್ನನ್ನು ಕಂಡು ಅವಳು ಬೋಂಡ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದಳು.

"ಹರಕೆ ಮುರಿದೆಯಾ ಚಿಕ್ಕವ್ವ!" ಎಂದೆ.

"ಕಟ್ಟಿದ್ರ ತಾನ ಮುರಿಯಾದು?" ಎಂದಳು ನೀರು ಕುಡಿದು ಸುಧಾರಿಸಿಕೊಂಡು. "ಅರಕ ಕಟ್ಟಿವ್ನಿ ಅಂದಿ, ಅಷ್ಟೇಯ. ಯಾವ್ ದೇವ್ರಿಗ ಅಂತ ನಿಮ್ಮವ್ವ ಕೇಳ್ನಿಲ್ಲ, ನಾ ಏಳ್ನಿಲ್ಲ. ಮಾದಪ್ಪನೆಸ್ರಲ್ಲಿ ನಾ ಸುಳ್ಳಾಡಕಾದದಾ? ಮೊದ್ಲೇ ರಾತ್ರಿ ನಿಜ್ವಾಗ್ಲೂ ಉಪಾಸ ಬಿದ್ದಿದ್ನಿ ಕಣವ್ವ. ಬೆಳಗಾಗಾದ್ರಲ್ಲಿ ಸತ್ತೇ ಓದೆ ಅನ್ನುಸ್ತು. ಆಮೇಲ ಈ ಅಂಗ್ಡಿ ಸಿಕ್ತು."

"ಅವ್ವನಿಗೆ ಗೊತ್ತಾದರೆ?"

ಅವಳ ಮುಖ ಸಣ್ಣದಾಯಿತು. ಇಬ್ಬರಿಗೂ ಗೊತ್ತಿತ್ತು. ಅವ್ವನಿಗೆ ಗೊತ್ತಾದ ದಿನ ಊಟ ನಿಂತುಹೋಗುತ್ತದೆ, ರಕ್ತ ಮತ್ತೆ ಇಳಿಯುತ್ತದೆ. ಆ ಗಡ್ಡೆ ಹೊಟ್ಟೆಯಲ್ಲಿ ಕಾಯುತ್ತ ಕೂತಿರುವುದಿಲ್ಲ. ಉಳಿದ ಬೋಂಡವನ್ನು ನಾನೇ ತಿಂದು ಸಾಕ್ಷಿ ಇಲ್ಲದಂತೆ ಮಾಡಿದೆ. ಚಿಕ್ಕವ್ವನ ಬಾಯಿ ಒರೆಸಿ, ಸೆರಗು ಸರಿಮಾಡಿ, ಇಬ್ಬರೂ ಕಳ್ಳರ ಹಾಗೆ ಮನೆಗೆ ಬಂದೆವು.

ಊಟಕ್ಕೆ ಚಿಕ್ಕವ್ವ ಎಂದಿಗಿಂತ ಹೆಚ್ಚಾಗಿಯೇ ನರಳಿದಳು. "ಅಯ್ಯೋ ಅಸಿವು, ಅಯ್ಯೋ ಕಣ್ಕತ್ತಲ" ಎಂದು ಗೋಡೆಗೆ ಒರಗಿದಳು. ಅವ್ವ ನಿಧಾನವಾಗಿ ಉಂಡು ಮುಗಿಸಿದಳು. ಚಿಕ್ಕವ್ವ ಉಂಡು ಹೊರಗೆ ಕೈತೊಳೆಯಲು ಹೋದಾಗ, ಒಳಗೆ ನಾನೂ ಅವ್ವನೂ ಇಬ್ಬರೇ ಉಳಿದೆವು. ಒರಳಿನಲ್ಲಿ ಖಾರ ಅರೆಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು.

"ದಿನಾ ಬೋಂಡ ತಿಂದ್ರ ಎದ ಉರಿ ಬತ್ತದ ಅಂತ ನಿಮ್ಮ ಚಿಕ್ಕವ್ವನ್ಗ ಏಳು. ನಾ ಏಳಿದ್ರ ನಾಚ್ಕತಾಳ."

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. "ನಿನಗೆ ಗೊತ್ತಾ?"

"ಅವಳ್ನ ಸಾಕಿರಾದು ಯಾರು? ಅಸಿದ್ರ ಅವಳ್ ಮೊಕ ಎಂಗಿರ್ತದ, ಉಂಡಿದ್ರ ಎಂಗಿರ್ತದ, ನಂಗ್ ಗೊತ್ತಿಲ್ವಾ? ಎಲ್ಡನೇ ದಿನ್ದಿಂದ್ಲೂ ಗೊತ್ತು."

"ಮತ್ಯಾಕೆ ಉಣ್ಣುತ್ತಿದ್ದೀಯ?"

ಅವ್ವ ಗುಂಡುಕಲ್ಲು ನಿಲ್ಲಿಸಿದಳು.

"ಅರಕ ಸುಳ್ಳಾದ್ರೂ ಕೂತಿರಾದು ಸುಳ್ಳಲ್ವಲ್ಲ" ಎಂದಳು. "ನಾ ತುತ್ತೆತ್ತಾದ್ನ ಒಬ್ರು ಎದ್ರುಗ್ ಕೂತ್ಕಂಡು ನೋಡ್ತರಲ್ಲ, ಅದು ಚಂದಾಗದ ಕಣವ್ವ. ಉಂಡಿದ್ದು ರುಚಿ ಅನ್ನುಸ್ತದ. ಒಬ್ಳೇ ಉಂಡ್ರ ಅದೂ ಒಂದ್ ಕೆಲ್ಸ, ಪಾತ್ರ ತೊಳ್ದಂಗ."

ಆಮೇಲೆ ಮತ್ತೆ ಅರೆಯಲು ಶುರು ಮಾಡಿ, "ಅವಳ್ಗ ಗೊತ್ತಾಗದು ಬ್ಯಾಡ, ಎದ್ದೋಗ್ಬುಡ್ತಳ" ಎಂದಳು.

ಹೀಗೆ ಅಕ್ಕನಿಗೆ ಗೊತ್ತಾಗಬಾರದು ಎಂದು ತಂಗಿ, ತಂಗಿಗೆ ಗೊತ್ತಾಗಬಾರದು ಎಂದು ಅಕ್ಕ, ನಡುವೆ ಎರಡೂ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ನಾನು. ಒಂದು ಗುಟ್ಟನ್ನೂ ಅರ್ಧ ದಿನಕ್ಕಿಂತ ಹೆಚ್ಚು ಇಟ್ಟುಕೊಂಡು ಗೊತ್ತಿಲ್ಲದ ನನಗೆ ಅದು ಅಜೀರ್ಣವೇ ಆಯಿತು.

ಆದರೆ ಚಿಕ್ಕವ್ವ ಇನ್ನೊಬ್ಬರ ಮನೆಯ ಹೆಂಗಸು. ಅಗರದಲ್ಲಿ ಭತ್ತ ಕೊಯ್ಲಿಗೆ ಬಂತು. ಚಿಕ್ಕಪ್ಪ ಫೋನ್ ಮಾಡಿ, ಗದ್ದೆಯ ಆಳುಗಳಿಗೆ ಬೇಯಿಸಿ ಹಾಕುವವರಿಲ್ಲ ಎಂದು ಒಂದೇ ಸಮನೆ ಗೊಣಗಿದ. ಒಂದು ಬೆಳಿಗ್ಗೆ ಅಕ್ಕತಂಗಿಯರಿಬ್ಬರೂ ಬಸ್ ಸ್ಟಾಪಿನಲ್ಲಿ ನಿಂತು ಮೂಗು ಒರೆಸಿಕೊಂಡರಂತೆ. ಚಿಕ್ಕವ್ವ ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ನಮ್ಮ ಅಂಗಡಿಗೆ ಬಂದು, "ಇನ್ ಯಾರ್ ಕೂತ್ಕತಾರ?" ಎಂದಳು. ನನಗೂ ಅದೇ ಚಿಂತೆ. ನಾನು ಹೋಗಿ ಇರೋಣವೆಂದರೆ ಮದುವೆ ಸೀಸನ್ನು, ಮಾಲೀಕರು ಭಾನುವಾರವೂ ಅಂಗಡಿ ತೆಗೆಸುತ್ತಿದ್ದರು. ದಿನಾ ಸಂಜೆ ಫೋನ್ ಮಾಡುತ್ತಿದ್ದೆ.

"ಉಂಡ್ಯಾ?"

"ಉಂಡಿ."

"ನಿಜವಾಗಿಯೂ?"

"ಊಂ ಕಣವ್ವ, ಒತ್ ಮುಳ್ಗಾಕ್ ಮುಂಚನೇ ಉಂಡಿ."

ನಾನು ನಂಬಲಿಲ್ಲ. ದಿನವಿಡೀ "ಬಣ್ಣ ಹೋಗಲ್ಲಮ್ಮ, ಗ್ಯಾರಂಟಿ" ಎಂದು ಹೇಳುವವಳಿಗೆ ಇನ್ನೊಬ್ಬರ ಗ್ಯಾರಂಟಿ ನಂಬುವುದು ಕಷ್ಟ. ಪರೀಕ್ಷೆಯ ದಿನ ಹತ್ತಿರವಾದಷ್ಟೂ ನನಗೇ ಊಟ ಸೇರದಾಯಿತು.

ಆ ದಿನ ಅವ್ವ ಒಬ್ಬಳೇ ಬಸ್ಸಿನಲ್ಲಿ ಬಂದು ಕೊಳ್ಳೇಗಾಲದಲ್ಲಿ ಇಳಿದಳು. ಡಾಕ್ಟರಮ್ಮ ರಿಪೋರ್ಟು ನೋಡಿದರು, ಅವ್ವನ ರೆಪ್ಪೆ ಎಳೆದು ನೋಡಿದರು, ಮತ್ತೆ ರಿಪೋರ್ಟು ನೋಡಿದರು. "ಬಂತಲ್ಲಮ್ಮ ರಕ್ತ!" ಎಂದು ನಗುತ್ತ ಆಪರೇಷನ್ನಿಗೆ ದಿನ ಬರೆದುಕೊಟ್ಟರು. ಅವ್ವ ಕೂತಲ್ಲಿಂದಲೇ ಬೆಟ್ಟದ ದಿಕ್ಕು ಹುಡುಕಿ ಕೈಮುಗಿದಳು. ಆಪರೇಷನ್ನೂ ಆಮೇಲೆ ಸುಸೂತ್ರವಾಗಿ ಆಯಿತು. ಆದರೆ ರಿಪೋರ್ಟು ಬಂದ ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಬೇರೆ.

"ಚಿಕ್ಕವ್ವ ಇಲ್ಲದೆ ಹೇಗೆ ಉಂಡೆ?" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಹಿಡಿದು ಕೇಳಿದೆ.

ಅವ್ವ ಸೆರಗು ಎಳೆದುಕೊಂಡಳು. ಹೊಸ ಮದುಮಗಳ ಹಾಗೆ ಬೇರೆ ಕಡೆ ನೋಡಿದಳು. "ಬಂದ್ ನೋಡು" ಎಂದಳು, ಅಷ್ಟೇ.

ಅಂಗಡಿಗೆ ಸುಳ್ಳು ಹೇಳಿ ಅವಳ ಜೊತೆ ಹೊರಟೆ. ಬಂಡಳ್ಳಿ ತಲುಪುವಾಗ ಬಿಸಿಲು ಹುಣಸೆ ಮರದ ತುದಿಗೆ ಏರಿತ್ತು. ಹರಕೆ ತೀರಿತ್ತು, ಇನ್ನು ಅವ್ವ ಯಾವ ಹೊತ್ತಿಗೆ ಬೇಕಾದರೂ ಉಣ್ಣಬಹುದಿತ್ತು. ಆದರೂ ಬೇಗ ಬೇಗ ಕಾಲು ಹಾಕಿದಳು. ಮನೆಯಲ್ಲಿ ಅಪ್ಪ ಹೊಲದಿಂದ ಬಂದು, ಕೈಕಾಲು ತೊಳೆದು, ಚಾಪೆ ಹಾಸಿಕೊಂಡು ಕೂತಿದ್ದ. ಬೆಳಿಗ್ಗೆ ಅವ್ವ ಮಾಡಿಟ್ಟಿದ್ದ ಹುರುಳಿಕಾಳಿನ ಸಾರು ಬಿಸಿ ಮಾಡಿಟ್ಟಿದ್ದ, ಸ್ವಲ್ಪ ತಳ ಹಿಡಿಸಿದ್ದ. ಅವ್ವ ಮುದ್ದೆ ತಿರುವಿ ಕಟ್ಟಿದಳು. ಅಪ್ಪನ ತಟ್ಟೆಗೆ ಹಾಕಿದಳು, ನನಗೆ ಹಾಕಿದಳು, ತನಗೂ ಹಾಕಿಕೊಂಡು ಕೂತಳು.

ಅಪ್ಪ ಮುಟ್ಟಲಿಲ್ಲ. ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಅವ್ವನ ಕೈಯನ್ನೇ ನೋಡುತ್ತ ಕೂತ. ಅವನಿಗೆ ಹರಕೆ ಗಿರಕೆ ಏನೂ ಇರಲಿಲ್ಲ. ಅವ್ವ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದಳು. ಇನ್ನೊಂದು ಮುರಿದಳು, ಕಾಳು ಆರಿಸಿಕೊಂಡಳು. ನನಗೆ ಹಸಿವಾಗಿತ್ತು, ಆದರೂ ನಾನೂ ಕೈ ಹಿಂದೆ ಇಟ್ಟುಕೊಂಡೆ. ಮದುವೆಯಾದಂದಿನಿಂದ ಮೊದಲು ಉಂಡು, ಕೈತೊಳೆದು, ಜಗಲಿಗೆ ಹೋಗಿ ಬೀಡಿ ಹಚ್ಚುತ್ತಿದ್ದ ಅಪ್ಪ, ಮುದ್ದೆ ಆರುತ್ತಿದ್ದರೂ ಕದಲಲಿಲ್ಲ.

ನಾನು ನೋಡುತ್ತಿರುವುದು ಗೊತ್ತಾಗಿ ಅವನಿಗೆ ಸಂಕೋಚವಾಯಿತು. ನನ್ನ ಕಡೆ ಬಾಗಿ, ಅವ್ವನಿಗೆ ಕೇಳಿಸದ ಹಾಗೆ, ಹೊಸ ಸುದ್ದಿ ಹೇಳುವವನಂತೆ ಹೇಳಿದ:

"ನಿಮ್ಮವ್ವ ಉಣ್ಣಾದು ಬಲೇ ನಿಧಾನ ಕಣವ್ವ. ನಂಗ್ ಇಷ್ಟ್ ವರ್ಸ ಗೊತ್ತೇ ಇರ್ನಿಲ್ಲ."